ಫ್ಯಾನ್ ಬೆಲ್ಟಿನ ಅತ್ತೆ

ನಮ್ಮತ್ತೆಯ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಓಲೆಯ ತೂತಿನಿಂದ ಕೆಳಗಿನ ಅಂಚಿನವರೆಗೆ ಹರಿದು, ಹರಿದದ್ದು ಹಾಗೆಯೇ ಮಾಗಿ, ಎರಡು ತುದಿಗಳು ಬೇರೆ ಬೇರೆಯಾಗಿ ಜೋತು ಬಿದ್ದಿದ್ದವು. ಸಿಟ್ಟು ಬಂದಾಗ ಅವು ಕೆಂಪಗಾಗುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವಳ ಮುಖಕ್ಕಿಂತ ಮುಂಚೆ ಆ ಕಿವಿ ನೋಡಿ, ಇವತ್ತು ಮಾತನಾಡಬಹುದೋ ಬಾಯಿ ಮುಚ್ಚಿಕೊಂಡಿರಬೇಕೋ ಎಂದು ತೀರ್ಮಾನಿಸುತ್ತಿದ್ದೆ. ಎದುರಿಗೆ ಮಾತಿಗೊಂದು ‘ರಿ’ ಹಚ್ಚುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಮೊದಲ ದಿನದಿಂದಲೂ ಅವಳು ‘ಅವಳೇ’. ಈಗಲೂ ಹಾಗೇ ಬರೆಯುತ್ತೇನೆ. ಇದ್ದಿದ್ದರೆ ಓದಿಸಿ ಕೇಳಿ ಒಂದು ಬಾರಿಸುತ್ತಿದ್ದಳು, ಬಾರಿಸಲಿ.

ಕಿವಿ ಹರಿದದ್ದು ಡೀಸೆಲ್ಲಿಗಾಗಿ. ನಾನು ಆ ಮನೆಗೆ ಬರುವ ಮುಂಚಿನ ಮಾತು. ಬಂಕುಗಳಲ್ಲಿ ಡೀಸೆಲ್ ಸಿಗದ ದಿನಗಳಂತೆ. ಹರಪನಹಳ್ಳಿಯ ಹೊರಗಿನ ಒಂದು ಬಂಕಿನಲ್ಲಿ ಉದ್ದನೆಯ ಸಾಲು. ಹಡಗಲಿ ಮಲ್ಲಿಗೆಯ ಮೊಗ್ಗು ಹೇರಿದ ಪಿಕಪ್ಪು ನಿಲ್ಲಿಸಿಕೊಂಡು ಇವಳು ಕಾಯುತ್ತಿದ್ದಾಳೆ. ಮೊಗ್ಗು ಕಾಯುವುದಿಲ್ಲ. ಬಿಸಿಲೇರಿದರೆ ಒದ್ದೆ ಬಟ್ಟೆಯ ಗಂಟಿನೊಳಗೇ ಅರಳಿಬಿಡುತ್ತದೆ, ಅರಳಿದ ಹೂವನ್ನು ದಾವಣಗೆರೆ ಮಾರುಕಟ್ಟೆಯಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅಷ್ಟರಲ್ಲಿ ಒಬ್ಬ ಲಾರಿ ಕ್ಲೀನರ್ ಕ್ಯಾನು ಹಿಡಿದು ಇವಳ ಮುಂದೆ ನುಗ್ಗಿ, “ಏ ಮುದುಕಿ, ಸರಿ ಅತ್ಲಾಗ” ಎಂದ. ಇವಳು ಸರಿಯಲಿಲ್ಲ, ಅವನ ಮುಂಗೈ ಕಚ್ಚಿದಳು. ಅವನು ಬಿಡಿಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನು ಹಿಡಿದು ಜಗ್ಗಿದ. ಸಿಕ್ಕಿದ್ದು ಓಲೆ. ಓಲೆ ಅವನ ಕೈಗೆ ಹೋಯಿತು, ಅವನ ಚರ್ಮ ಇವಳ ಬಾಯಲ್ಲಿ ಉಳಿಯಿತು. ಟ್ಯಾಂಕು ತುಂಬುವವರೆಗೂ ರಕ್ತ ಒರೆಸಿಕೊಳ್ಳದೆ ನಿಂತಿದ್ದಳೆಂದು ಆ ಬಂಕಿನವರು ಈಗಲೂ ಹೇಳುತ್ತಾರೆ. ನಾನು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: “ಅವತ್ತು ಹೂವು ಅರಳಲಿಲ್ಲ ನೋಡು.”

ಪಿಕಪ್ಪು ಕೊಂಡವರು ನಮ್ಮ ಮಾವ. ಅವರನ್ನು ನಾನು ಫೋಟೋದಲ್ಲಷ್ಟೇ ನೋಡಿದ್ದೇನೆ. ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಈರುಳ್ಳಿ ಹೇರಿಕೊಂಡು ಹೋಗುವಾಗ ಒಂದು ಇಳಿಜಾರಿನಲ್ಲಿ, ಡೀಸೆಲ್ ಉಳಿಯಲಿ ಎಂದು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಬಿಟ್ಟರು. ನಮ್ಮ ಕಡೆಯ ಡ್ರೈವರುಗಳು ಜಾಣತನವೆಂದು ತಿಳಿದು ಮಾಡುವ ಕೆಲಸ ಅದು. ಇಳಿಜಾರು ಕಂಡರೆ ಸಾಕು, ಕೀಲಿ ತಿರುವಿ, ಬೀಡಿ ಹಚ್ಚಿ, ಬಿಟ್ಟಿ ಓಡಿತು ಎಂದು ಮೀಸೆ ತಿರುವುವುದು. ಎಂಜಿನ್ ಆರಿದ ಮೇಲೆ ಬ್ರೇಕು ಕಲ್ಲಾಗುತ್ತದೆ, ಎಷ್ಟು ತುಳಿದರೂ ಹಿಡಿಯುವುದಿಲ್ಲ. ಎದುರಿಗೆ ಕುರಿ ಹಿಂಡು ಬಂತು. ಮಾವ ಸ್ಟೇರಿಂಗ್ ಎಳೆದರು, ಗಾಡಿ ಮಗುಚಿತು. ಈರುಳ್ಳಿ ಚೀಲಗಳ ಕೆಳಗಿನಿಂದ ಅವರನ್ನು ಹೊರಗೆಳೆದಾಗ ಎದೆ ಚಪ್ಪಟೆಯಾಗಿತ್ತಂತೆ.

ಅತ್ತೆ ಅಳುವುದನ್ನು ನಾನು ಕಾಣಲಿಲ್ಲ. ಗಂಡನ ಸುದ್ದಿ ಬಂದಾಗಲೆಲ್ಲ ಅವಳಿಗೆ ಬರುತ್ತಿದ್ದದ್ದು ಸಿಟ್ಟು. “ಒಂದು ಚಮಚಿ ಎಣ್ಣಿಗೆ ಸತ್ತಾನ ನನ ಗಂಡ. ಚಮಚಿ! ಗೇರ್‌ನಾಗ ಇಳಿಸಿದ್ರ ಆ ಚಮಚೀನೂ ಉಳೀತಿತ್ತು, ಅವನೂ ಉಳೀತಿದ್ದ” ಎಂದು ಹಲ್ಲು ಕಡಿಯುತ್ತಿದ್ದಳು. ಜಜ್ಜಿಹೋದ ಗಾಡಿಯನ್ನು ಮಾರಲು ಎಲ್ಲರೂ ಹೇಳಿದರು. ಅವಳು ರಿಪೇರಿ ಮಾಡಿಸಿ ಮತ್ತೆ ರಸ್ತೆಗಿಳಿಸಿದಳು. ತಾನು ಸ್ಟೇರಿಂಗ್ ಹಿಡಿದವಳಲ್ಲ. ಡ್ರೈವರನ್ನು ಇಟ್ಟುಕೊಂಡು, ಅವನ ಪಕ್ಕ ಎಡಗಡೆ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಮೊಳದುದ್ದದ ಹಳೆಯ ಫ್ಯಾನ್ ಬೆಲ್ಟಿನ ತುಂಡು ಇಟ್ಟುಕೊಳ್ಳುತ್ತಿದ್ದಳು.

ಇಳಿಜಾರಿನಲ್ಲಿ ಡ್ರೈವರನ ಕೈ ನ್ಯೂಟ್ರಲ್ಲಿಗೆ ಹೋಯಿತೋ, ಬೆಲ್ಟು ಚಟೀರೆಂದು ಮುಂಗೈ ಮೇಲೆ. ಕ್ಲಚ್ಚಿನ ಮೇಲೆ ಸುಮ್ಮನೆ ಕಾಲಿಟ್ಟುಕೊಂಡು ಹೊಡೆದರೆ ಮೊಣಕಾಲಿಗೆ. ಏರಿನಲ್ಲಿ ಗೇರು ಇಳಿಸದೆ ಎಕ್ಸಲೇಟರ್ ಒತ್ತಿದರೆ ಎಲ್ಲಿ ಸಿಕ್ಕಿತೋ ಅಲ್ಲಿಗೆ. ಅವಳಲ್ಲಿ ಬಂದ ಡ್ರೈವರುಗಳು ತಿಂಗಳೊಪ್ಪತ್ತು ನಿಂತರೆ ಹೆಚ್ಚು. ಅವರಲ್ಲೊಬ್ಬ ಹಡಗಲಿಯ ಚಹಾದಂಗಡಿಯಲ್ಲಿ ಅಂಗಿ ತೋಳು ಮಡಚಿ ಬಾಸುಂಡೆ ತೋರಿಸುತ್ತ, “ಅಕಿ ಗಾಡಿ ಹೊಡಿಯೂದು ಒಂದ, ಸ್ಟೇಷನ್ನಿಗೆ ಹೋಗಿ ಲಾಠಿ ಏಟು ತಿನ್ನೂದು ಒಂದ. ಸ್ಟೇಷನ್ನಿನ್ಯಾಗ ಚಹಾನಾದ್ರೂ ಕೊಡ್ತಾರಪ್ಪಾ” ಎಂದಿದ್ದನಂತೆ. ಕೊನೆಗೆ ಯಾರೂ ಸಿಗದೆ ಮಗನನ್ನೇ ಕೂರಿಸಿದಳು. ಆ ಮಗ ನನ್ನ ಗಂಡ. ಹೊಟ್ಟೆಯಲ್ಲಿ ಹುಟ್ಟಿದವನು, ಕೆಲಸ ಬಿಟ್ಟು ಓಡುವ ಹಾಗಿಲ್ಲ, ಎಲ್ಲರಿಗಿಂತ ಹೆಚ್ಚು ತಿಂದವನು ಅವನೇ.

ಮೈಲೇಜಿನ ವಿಷಯದಲ್ಲಿ ಅವಳು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಬೇಕು. ತುಂಬಿದ ಮೇಲೆ ಗಾಡಿಯ ಹಿಂದೆ ಹೋಗಿ, ಎರಡೂ ಕೈ ಹಚ್ಚಿ ಅಲ್ಲಾಡಿಸಿ, ನೊರೆ ಇಳಿದ ಮೇಲೆ ಮತ್ತೆ ಕುತ್ತಿಗೆಯವರೆಗೆ. ಹಿಂದೆ ನಿಂತ ಗಾಡಿಗಳು ಹಾರನ್ ಹೊಡೆದರೆ ಬೆಲ್ಟು ಎತ್ತಿ ತೋರಿಸುವಳು. ಮುಂದಿನ ಸಲವೂ ಅದೇ ಬಂಕು, ಅದೇ ಅಲ್ಲಾಟ. ಎಷ್ಟು ಓಡಿತು, ಎಷ್ಟು ಹಿಡಿಯಿತು, ಬಾಯಲ್ಲೇ ಭಾಗಾಕಾರ. ಶೋರೂಮಿನವರು ಹೇಳುವ ಅಂಕಿ ಕೇಳಿದರೆ ನಗುತ್ತಿದ್ದಳು. “ಅದು ಖಾಲಿ ಗಾಡಿ, ಖಾಲಿ ರೋಡು, ಖಾಲಿ ತಲಿ. ನಮ್ಮ ರೋಡಿನ್ಯಾಗ ತಗ್ಗು ತಪ್ಪಿಸಿ, ಎಮ್ಮಿ ತಪ್ಪಿಸಿ, ಲೋಡು ಹೇರಿ ಹೊಡದು ಆಮ್ಯಾಲೆ ಹೇಳ್ಲಿ.”

ಮೊಗ್ಗು ಹೇರಿಕೊಂಡು ಹೋಗುವಾಗ ನಮ್ಮ ಗಾಡಿ ಲೀಟರಿಗೆ ಹದಿಮೂರು ಕೊಡುತ್ತಿತ್ತು. ದಾವಣಗೆರೆಯಿಂದ ತಿರುಗಿ ಬರುವಾಗ ಮಂಡಕ್ಕಿ ಚೀಲ ಹೇರಿದರೆ ಹನ್ನೊಂದು. ಮಂಡಕ್ಕಿ ಹೂವಿನಷ್ಟೇ ಹಗುರ, ಯಾಕೆ ಹೀಗೆ ಎಂದು ನಾನು ಕೇಳಿದ್ದೆ. “ತೂಕ ಅಲ್ಲ ಹುಚ್ಚಿ, ಎತ್ತರ. ಗಾಳಿಗೆ ಎದಿ ಕೊಟ್ಕೊಂಡು ಹೊಂಟೈತಿ ಗಾಡಿ. ನೀ ಕೌದಿ ಹರವಿ ಹಿಡ್ಕೊಂಡು ಗಾಳಿಗೆ ಎದುರು ಓಡು ನೋಡೋಣು” ಎಂದಳು. ಮೇಲಿನ ಸಾಲು ಚೀಲ ಇಳಿಸಿಬಿಟ್ಟಳು. ಬಾಡಿಗೆ ಸ್ವಲ್ಪ ಕಡಿಮೆಯಾಯಿತು, ಎಣ್ಣೆ ಅದಕ್ಕಿಂತ ಹೆಚ್ಚು ಉಳಿಯಿತು. ಮಂಡಕ್ಕಿ ಭಟ್ಟಿಯವನು ಪೂರಾ ಹೇರಲೇಬೇಕೆಂದು ಜಗಳಕ್ಕೆ ಬಂದಾಗ ಚೀಲ ಎತ್ತಿ ಅವನ ಮೇಲೇ ಸುರಿದಳು. ಅವನು ಕಿವಿಯಲ್ಲಿ, ಅಂಗಿಯಲ್ಲಿ ಮಂಡಕ್ಕಿ ತುಂಬಿಕೊಂಡು ನಿಂತದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ.

ನಾನು ಕೂಡ್ಲಿಗಿ ಕಡೆಯ ಹೊಸಹಳ್ಳಿಯವಳು. ಮದುವೆಯಾಗಿ ಬಂದ ಮರುದಿನ ಅವಳು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಲಿಲ್ಲ. ಎರಡು ಬಾಟಲಿ ತಂದು ಮೂಗಿನ ಕೆಳಗೆ ಹಿಡಿದಳು. “ಯಾವುದು ಚೊಲೋ ಡೀಸೆಲ್, ಯಾವುದಕ್ಕ ಸೀಮೆಎಣ್ಣಿ ಕೂಡಿಸ್ಯಾರ, ಹೇಳು.” ನಾನು ಮೂಸಿ ಮೂಸಿ ಸೀನಿದೆ. ತಪ್ಪು ಹೇಳಿದೆ. ತಲೆಯ ಮೇಲೊಂದು ಕುಟ್ಟಿದಳು. ಸರಿಯಾಗಿ ಹೇಳುವವರೆಗೂ ದಿನಾ ಮೂಸಿಸಿದಳು. ನಮ್ಮವ್ವನಿಗೆ ಫೋನು ಮಾಡಿ, “ಇವರ ಮನ್ಯಾಗ ದೆವ್ವ ಐತವ್ವಾ, ನಾ ವಾಪಸ್ ಬರ್ತೀನಿ” ಎಂದು ಅತ್ತದ್ದುಂಟು.

ಗಂಡ ತಾಯಿಯ ಕೈಯಲ್ಲಿ ತಿಂದದ್ದನ್ನು ಮನೆಗೆ ಬಂದು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದ. ಮುಂಗೈ ಮೇಲೆ ಬಾಸುಂಡೆ ಎದ್ದ ದಿನ ನನ್ನ ಬೆನ್ನ ಮೇಲೂ ಏಳುತ್ತಿತ್ತು. ಸದ್ದಾಗದ ಹಾಗೆ ಹೊಡೆಯುತ್ತಿದ್ದ, ನಾನೂ ಸದ್ದಿಲ್ಲದೆ ತಿನ್ನುತ್ತಿದ್ದೆ. ಒಂದು ಮಧ್ಯಾಹ್ನ ಏಟಿಗೆ ನನ್ನ ತುಟಿ ಒಡೆದು ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತು. ಹಿತ್ತಲಲ್ಲಿದ್ದ ಅತ್ತೆ ಒಳಗೆ ಬಂದಳು, ನನ್ನ ಬಾಯಿ ನೋಡಿದಳು. ಮಗನ ಅಂಗಿಯ ಕೊರಳು ಹಿಡಿದು ಬೀದಿಗೆ ಎಳೆದುಕೊಂಡು ಹೋದಳು. ಅವನೇನು ಸಣ್ಣ ಆಳಲ್ಲ, ಆದರೂ ಎಳೆಸಿಕೊಂಡು ಹೋದ. ಬೀದಿಯ ನಡುವೆ ಬೆಲ್ಟಿನಿಂದ ಬಾರಿಸತೊಡಗಿದಳು, ಹೆಗಲು, ಬೆನ್ನು, ತೊಡೆ. ಓಣಿಯವರೆಲ್ಲ ಹೊರಬಂದರು, ಯಾರೂ ಹತ್ತಿರ ಬರಲಿಲ್ಲ.

“ನಾ ಹೊಡಿಯೂದು ನೀ ನಿಮ್ಮಪ್ಪನಂಗ ಸಾಯಬಾರದು ಅಂತ. ನೀ ಇಕಿಗೆ ಹೊಡದದ್ದು ಯಾತಕ್ಕ? ಹೇಳು. ಹೇಳಲೇ ಹಾಟ್ಯಾ!”

ಅವಳು ಏದುಸಿರು ಬಿಡುತ್ತ ಒಳಗೆ ಬಂದು, ಗಾಡಿಯ ಕೀಲಿಯನ್ನು ನನ್ನ ಮಡಿಲಿಗೆ ಎಸೆದಳು. “ಇನ್ನ ಮುಂದ ಹೂವಿನ ಟ್ರಿಪ್ಪು ನಿಂದು. ಕಲಿ. ಸ್ಟೇರಿಂಗ್ ಹಿಡದ ಹೆಂಗಸಿನ ಮ್ಯಾಲೆ ಕೈ ಎತ್ತೂ ಮುಂದ ಯಾವ ಗಂಡಸಾದ್ರೂ ಅಂಜ್ತಾನ.” ನಾನು ಸೈಕಲ್ಲನ್ನೂ ತುಳಿದವಳಲ್ಲ. ರಕ್ತ ಸೆರಗಿನಿಂದ ಒತ್ತಿ ಹಿಡಿದುಕೊಂಡು, “ಆಗಂಗಿಲ್ರೀ ಅತ್ತೀ” ಎಂದೆ. “ಆಗಂಗಿಲ್ಲ ಅಂದ್ರ ಏಟು ತಿನ್ನು” ಎಂದು ಕೈ ತೊಳೆಯಲು ಹೋದಳು.

ಒಣಗಿದ ಕೆರೆಯ ಅಂಗಳದಲ್ಲಿ ಕಲಿಸಿದಳು. ತಾನು ಒಂದು ದಿನವೂ ಗಾಡಿ ಓಡಿಸದವಳು ನನಗೆ ಓಡಿಸಲು ಕಲಿಸಿದ್ದು ಹೇಗೆಂದು ಜನ ಕೇಳುತ್ತಾರೆ. ಕಣ್ಣು ಮುಚ್ಚಿಕೊಂಡು ಎಡಗಡೆ ಕೂರುತ್ತಿದ್ದಳು. ಎಂಜಿನ್ನಿನ ಸದ್ದು ಕೇಳಿಯೇ, “ಗೇರ್ ಬೇಡಾಕ ಹತ್ತೈತಿ, ಕೊಡು” ಎನ್ನುವಳು. ತಡಮಾಡಿದರೆ ಚಟೀರ್. “ಕಾಲು ಎಕ್ಸಲೇಟರ್ ಮ್ಯಾಲೆ ಇಟ್ಟೀ ಅಂತ ಗೊತ್ತಾಗಬಾರದು ಗಾಡಿಗೆ, ಹಂಗ ಇಡು” ಎನ್ನುವಳು. ನನ್ನ ಬೆರಳ ಗೆಣ್ಣುಗಳು ಊದಿ ರೊಟ್ಟಿ ತಟ್ಟಲು ಬಾರದಂತಾದವು. ರಾತ್ರಿ ಅವಳೇ ರೊಟ್ಟಿ ಬಡಿದು ನನ್ನ ತಟ್ಟೆಗೆ ಎಸೆಯುತ್ತಿದ್ದಳು. ಅವಳನ್ನು ಕಂಡರೆ ನನಗೆ ಉರಿಯುತ್ತಿತ್ತು. ಲೈಸೆನ್ಸು ಸಿಕ್ಕ ದಿನ ಮೊದಲು ತೋರಿಸಲು ಓಡಿದ್ದು ಮಾತ್ರ ಅವಳ ಹತ್ತಿರಕ್ಕೇ. ಆಮೇಲೆ ಗಂಡ ನನ್ನ ಮೇಲೆ ಕೈಮಾಡಲಿಲ್ಲ. ಬೆಳಗಿನ ಹೂವಿನ ಟ್ರಿಪ್ಪು ನನ್ನದಾಯಿತು, ಮಧ್ಯಾಹ್ನದ ಮೆಕ್ಕೆಜೋಳದ ಲೋಡು ಅವನದು.

ಡೀಸೆಲ್ ದರ ಏರುತ್ತ ಹೋದಂತೆ ಊರಿಗೊಂದು ಗ್ಯಾಸಿನ ಪಿಕಪ್ಪು ಬಂತು. ಹಳೆಯದು ಮಾರಿ ನಾವೂ ತರೋಣ ಎಂದು ಗಂಡ ಹಟ ಹಿಡಿದ. ಬೆಲ್ಟು ಎತ್ತುತ್ತಾಳೆ ಎಂದುಕೊಂಡೆ, ಎತ್ತಲಿಲ್ಲ. “ತಡಿ, ನೋಡೋಣು” ಎಂದು, ಬೇರೆಯವರ ಗ್ಯಾಸಿನ ಗಾಡಿಯಲ್ಲಿ ತಾನೇ ಮೊಗ್ಗು ಹೇರಿಸಿ ದಾವಣಗೆರೆಗೆ ಹೋಗಿ ಬಂದಳು. ಬಂದು ಜಗುಲಿಯ ಮೇಲೆ ಕೂತು ಹೇಳಿದಳು: “ಗ್ಯಾಸು ಕೆಟ್ಟದ್ದಲ್ಲ. ಖರ್ಚು ಕಡಿಮಿನ, ಹೊಗಿನೂ ಇಲ್ಲ. ದಾವಣಗೇರಿಯಾಗ ಮನಿ ಇದ್ದಿದ್ರ ನಾಳಿನ ತರ್ತಿದ್ದೆ. ನಮಗ ತುಂಬಿಸಾಕ ಅಲ್ಲೀತನ ಹೋಗಬೇಕು, ಹೋಗಿ ಸಾಲು ನಿಲ್ಲಬೇಕು. ಇವತ್ತು ಸಾಲಿನ್ಯಾಗ ಅರ್ಧ ಹೂವು ಅರಳಿದ್ವು. ಮೆಕ್ಕಿಜ್ವಾಳ ಅರಳಂಗಿಲ್ಲ, ಅದನ್ನ ಹೊಡಿಯೋರು ತಗೊಳ್ಳಿ.” ಕರೆಂಟಿನ ಗಾಡಿ ಎಂದು ಅವನು ಬಾಯಿ ತೆಗೆದಾಗ, “ಮನ್ಯಾಗ ಮಿಕ್ಸರ್ ತಿರುಗಾಕ ಕರೆಂಟ್ ಇಲ್ಲ, ಇವಂಗ ಗಾಡಿ ಬೇಕಂತ” ಎಂದು ಎದ್ದು ಹೋದಳು. ಡೀಸೆಲ್ಲೇ ಉಳಿಯಿತು.

ಆ ಹೊತ್ತಿಗೇ ನಾವು ದಾವಣಗೆರೆಗೆ ಹೋಗುವ ರಸ್ತೆಯಲ್ಲೇ, ಹರಪನಹಳ್ಳಿ ದಾಟಿ ತೆಲಿಗಿಗೆ ಹೋಗುವ ದಾರಿಯಲ್ಲಿ ಒಂದು ತಗಡಿನ ಶೆಡ್ಡು ಎದ್ದಿತು. ಒಳಗೆ ನೀಲಿ ಡ್ರಮ್ಮುಗಳು, ಹೊರಗೆ ಕೆಂಪು ಬಣ್ಣದಲ್ಲಿ ‘ಬಯೋಡೀಸೆಲ್’ ಎಂಬ ಬರಹ. ಬಂಕಿಗಿಂತ ಎಷ್ಟೋ ಅಗ್ಗ. ಪಿಕಪ್ಪು, ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಅತ್ತೆ ಒಮ್ಮೆ ಗಾಡಿ ನಿಲ್ಲಿಸಲು ಹೇಳಿ ಇಳಿದಳು. ಡ್ರಮ್ಮಿನೊಳಗೆ ಬೆರಳದ್ದಿ ಮೂಸಿದಳು, ಅಲ್ಲೇ ಉಗಿದಳು. “ಇದು ಬಯೋನೂ ಅಲ್ಲ, ಡೀಸೆಲ್ಲೂ ಅಲ್ಲ. ಸೀಮೆಎಣ್ಣಿ, ಸುಟ್ಟೆಣ್ಣಿ ಎಲ್ಲಾ ಕಲಸಿ ಇಟ್ಟಾನ ಮಗ.” ಆ ಡ್ರಮ್ಮಿನವನು ನಕ್ಕು, “ಏ ಅಜ್ಜಿ, ಊರಾಗಿನ ಗಾಡಿ ಎಲ್ಲಾ ಇದರ ಮ್ಯಾಲೇ ಓಡ್ಯಾಡ್ತಾವ, ನಿಂದೇನ ವಿಮಾನೇನು?” ಎಂದ. ಮನೆಗೆ ಬಂದವಳು ಮಗನಿಗೆ ಒಂದೇ ಮಾತು ಹೇಳಿದಳು: “ಆ ಶೆಡ್ಡಿನ ಎಣ್ಣಿ ನನ್ನ ಟ್ಯಾಂಕಿಗೆ ಬಿದ್ದ ದಿನ ನಾ ಇರಬೇಕು, ಇಲ್ಲಾ ನೀ ಇರಬೇಕು.”

ಆ ಮಳೆಗಾಲದಲ್ಲಿ ಊರಿಗೆಲ್ಲ ಜ್ವರ ಬಂತು. ಅತ್ತೆ ಕೀಲು ಕೀಲು ಹಿಡಿದುಕೊಂಡು ಹಾಸಿಗೆ ಹಿಡಿದಳು. ಎಡಗಡೆ ಸೀಟು ಖಾಲಿ. ನಾನು ಹೂವು ಇಳಿಸಿ ಬಂದು ಗಾಡಿ ಬಿಟ್ಟರೆ ಗಂಡ ಮಧ್ಯಾಹ್ನ ಒಯ್ಯುತ್ತಿದ್ದ, ಎಣ್ಣೆ ಹಾಕಿಸುವುದು ಅವನ ಪಾಲಿಗೆ ಬಂತು. ಗಾಡಿ ಬೆಳ್ಳನೆಯ ಹೊಗೆ ಬಿಡುತ್ತಿದೆ ಎಂದು ಹೇಳಿದೆ. “ಮಳಿಗಾಲದಾಗ ಹಂಗ ಆಕ್ಕೈತಿ” ಎಂದ. ಅತ್ತೆ ಎದ್ದು ಓಡಾಡುವಷ್ಟರಲ್ಲಿ ಜ್ವರ ಅವಳ ಮೂಗನ್ನೂ ನಾಲಗೆಯನ್ನೂ ಒಯ್ದಿತ್ತು. ಸಾರಿಗೆ ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮೊದಲ ಕೆಲಸವೆಂದು ಬಂಕಿಗೆ ಹೋಗಿ ಟ್ಯಾಂಕು ಕುತ್ತಿಗೆಯವರೆಗೆ ತುಂಬಿಸಿ, ನಡುವೆ ಮಗ ಹಾಕಿಸಿದ್ದನ್ನೂ ಕೂಡಿಸಿ ಲೆಕ್ಕ ಹಾಕಿದಳು. ಹದಿಮೂರರ ಗಾಡಿ ಹತ್ತಕ್ಕೆ ಇಳಿದಿತ್ತು. ಕಿವಿಯ ಎರಡೂ ತುದಿ ಕೆಂಡವಾದವು.

ಮನೆಗೆ ಬಂದು, “ಎಕ್ಸಲೇಟರ್ ಯಾರು ತುಳಿದದ್ದು?” ಎಂದು ಕೇಳಿದಳು.

ಗಂಡ ನನ್ನ ಕಡೆ ನೋಡದೆ, “ಬೆಳಗಿನ ಟ್ರಿಪ್ಪು ಅಕೀದು” ಎಂದ.

ಅವಳ ಜೀವಮಾನದ ತಪ್ಪು ಇದೊಂದೇ ಎಂದು ನಾನು ತಿಳಿದಿದ್ದೇನೆ. ಎಣ್ಣೆಯನ್ನು ಯಾವಾಗಲೂ ತಾನೇ ನಿಂತು ಹಾಕಿಸಿದವಳು, ಮೈಲೇಜು ಬಿದ್ದರೆ ಅದು ಡ್ರೈವರನ ಕಾಲಿನದೇ ತಪ್ಪು ಎಂದು ನಂಬಿ ಬಂದವಳು. ಆ ದಿನ ಅವಳ ತಲೆಯಲ್ಲಿ ಬೇರೆ ಯೋಚನೆಯೇ ಬರಲಿಲ್ಲ. ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ ಬಲಗಾಲಿನ ಮೀನಖಂಡಕ್ಕೆ, ಪಾದಕ್ಕೆ, ಹಿಮ್ಮಡಿಗೆ ಬಾರಿಸಿದಳು. “ನಾ ತುಳಿದಿಲ್ರೀ ಅತ್ತೀ, ದೇವರಾಣಿ ತುಳಿದಿಲ್ಲ” ಎಂದು ಕೂಗಿದೆ. “ಹಂಗಾರ ಎಣ್ಣಿ ಎಲ್ಲಿ ಹೋತು, ಆಕಾಶಕ್ಕ ಹೋತೇನು?” ಎಂದು ಮತ್ತೆ ಬಾರಿಸಿದಳು. ಗಂಡ ಗೋಡೆಗೆ ಒರಗಿ ನಿಂತಿದ್ದ. ಆ ಮೌನಕ್ಕಾಗಿ ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ, ಮುಂದೆಯೂ ಕ್ಷಮಿಸುವುದಿಲ್ಲ.

ಮರುದಿನ ಬೆಳಿಗ್ಗೆ ಬಾತ ಕಾಲಿನಲ್ಲೇ ಗಾಡಿ ಹತ್ತಿದೆ. ಅವಳು ಎಡಗಡೆ, ಬೆಲ್ಟು ತೊಡೆಯ ಮೇಲೆ. ಹರಪನಹಳ್ಳಿ ದಾಟಿದ ಮೇಲೆ ರಸ್ತೆ ಒಂದು ಹಳ್ಳಕ್ಕೆ ಇಳಿದು ಆಚೆ ಕಡೆ ಏರುತ್ತದೆ. ಆಚೆಯ ಏರಿನ ಅರ್ಧದಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ನಾನು ಕಾಲೆತ್ತಿ ತೋರಿಸಿದೆ. “ನೋಡ್ರಿ, ತುಳಿದಿಲ್ಲ. ನಿಂತ್ಕಂತು.” ಅವಳು ಇಳಿದು, ಪಾನಾ ತೆಗೆದುಕೊಂಡು ಡೀಸೆಲ್ ಫಿಲ್ಟರ್ ಬಿಚ್ಚಿ, ಒಳಗಿನದನ್ನು ಖಾಲಿ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದಳು. ಕೆಳಗೆ ನೀರು, ಮೇಲೆ ಕಂದು ಎಣ್ಣೆ, ನಡುವೆ ಲೋಳೆ ಲೋಳೆ ಗಸಿ. ನಿನ್ನೆ ಬಂಕಿನದು ತುಂಬಿಸಿದ್ದರೂ ಟ್ಯಾಂಕಿನ ತಳದಲ್ಲಿದ್ದ ಹಳೆಯದು ಹೋಗಿರಲಿಲ್ಲ. ತಾನು ಮೂಸಿದಳು, ಮತ್ತೆ ಮೂಸಿದಳು, ವಾಸನೆ ಹತ್ತಲಿಲ್ಲ. ಬಾಟಲಿಯನ್ನು ನನ್ನ ಮೂಗಿಗೆ ಹಿಡಿದು, “ನೀ ಹೇಳು” ಎಂದಳು.

“ಸೀಮೆಎಣ್ಣಿ ಐತ್ರಿ. ಸುಟ್ಟೆಣ್ಣ್ಯೂ ಐತಿ. ಶೆಡ್ಡಿಂದು.”

ಅವಳು ಅಲ್ಲೇ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಹಿಂದೆ ಬುಟ್ಟಿಗಳಲ್ಲಿ ಮೊಗ್ಗು ಅರಳತೊಡಗಿತ್ತು, ವಾಸನೆ ಗಮ್ಮೆಂದು ಬರುತ್ತಿತ್ತು, ಅವಳಿಗೆ ಅದೂ ತಿಳಿಯುತ್ತಿರಲಿಲ್ಲ. ನನ್ನ ಬಾತ ಪಾದವನ್ನು ನೋಡಿದಳು. ಆಮೇಲೆ ಬೆಲ್ಟನ್ನು ನನ್ನ ಕೈಗಿಟ್ಟು, ಸೀರೆ ಎತ್ತಿ ತನ್ನ ಬಲಗಾಲು ಚಾಚಿದಳು.

“ಹೊಡಿ.”

“ಬ್ಯಾಡ್ರಿ.”

“ಹೊಡೀ ಅಂದೆ. ನಿನ್ನಿ ನಾ ಸುಳ್ಳ ಹೊಡದೀನಿ. ನೀ ಹೊಡೀದಿದ್ರ ನಾಳಿಂದ ನಿನ ಪಕ್ಕ ನಾ ಹೆಂಗ ಕುಂದರ್ಲಿ?”

ನಾನು ಹೊಡೆದೆ. ಮೆಲ್ಲಗೆ ಹೊಡೆದೆ ಎಂದು ಬರೆದರೆ ಸುಳ್ಳಾಗುತ್ತದೆ. ಇಡೀ ರಾತ್ರಿಯ ಉರಿ, ಮದುವೆಯಾದಾಗಿನಿಂದ ತಿಂದದ್ದು, ಎಲ್ಲ ಸೇರಿಸಿ ಒಂದೇ ಏಟು ಕೊಟ್ಟೆ. ಅವಳ ಮೀನಖಂಡದ ಮೇಲೆ ಕೆಂಪಗೆ ಬರೆ ಎದ್ದಿತು. ಅವಳು “ಹಾ” ಎಂದು ಹಲ್ಲು ಕಚ್ಚಿ, ನಕ್ಕಳು. ಅವಳು ನಗುವುದನ್ನು ಅಷ್ಟು ಹತ್ತಿರದಿಂದ ನಾನು ಮೊದಲು ನೋಡಿರಲಿಲ್ಲ. “ಕೈ ಚೊಲೋ ಐತಿ. ನಡಿ, ಶೆಡ್ಡಿಗೆ ಹೋಗೋಣು” ಎಂದಳು.

ಫಿಲ್ಟರ್ ಒರೆಸಿ ಹಾಕಿ, ಕೈಪಂಪು ಒತ್ತಿ ಗಾಳಿ ತೆಗೆದು ಗಾಡಿ ಚಾಲೂ ಮಾಡಿದೆವು. ಶೆಡ್ಡಿನ ಮುಂದೆ, “ಎಂಜಿನ್ ಆರಿಸಬ್ಯಾಡ, ಇಳೀಬ್ಯಾಡ” ಎಂದು ನನಗೆ ಹೇಳಿ ಒಬ್ಬಳೇ ಇಳಿದು ಹೋದಳು. ಡ್ರಮ್ಮಿನವನು ಯಾರದೋ ಗಾಡಿಗೆ ಪೈಪು ಹಿಡಿದಿದ್ದ. ಮೊದಲ ಏಟು ಅವನ ಮುಖದ ಮೇಲೆ ಅಡ್ಡ ಬಿತ್ತು, ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಎರಡನೆಯದು ಕುತ್ತಿಗೆಗೆ. “ಎಷ್ಟು ಮಂದಿ ಎಂಜಿನ್ ತಿಂದೀಲೇ ಭಾಡ್ಯಾ!” ಎನ್ನುತ್ತ ಡ್ರಮ್ಮಿನ ನಳಗಳನ್ನು ಒಂದೊಂದಾಗಿ ತಿರುವಿಬಿಟ್ಟಳು. ಎಣ್ಣೆ ಹರಿದು ನೆಲವೆಲ್ಲ ಜಾರಾಯಿತು. ಅವನು ತಡೆಯಲು ಬಂದು ಜಾರಿ ಬಿದ್ದ. ಅವಳು ಅವನ ಎದೆಯ ಮೇಲೆ ಕಾಲಿಟ್ಟು ಮತ್ತೆ ಬೆಲ್ಟು ಎತ್ತಿದಳು.

ಹಿಂದಿನಿಂದ ಅವನ ಆಳು ಬಂದದ್ದನ್ನು ನಾನು ಕಂಡೆ. ಕೂಗಿದೆ. ಅವನ ಕೈಯಲ್ಲಿ ಚಕ್ರ ಬಿಚ್ಚುವ ಪಾನಾ ಇತ್ತು. ಅದು ಅವಳ ತಲೆಗೆ ಬಿದ್ದ ಸದ್ದು ಎಂಜಿನ್ ಸದ್ದಿನ ನಡುವೆಯೂ ನನಗೆ ಕೇಳಿತು. ಸಾಲಿನಲ್ಲಿ ನಿಂತ ಡ್ರೈವರುಗಳಲ್ಲಿ ಒಬ್ಬನೂ ಇಳಿಯಲಿಲ್ಲ. ಒಬ್ಬ ಗಾಡಿ ತಿರುಗಿಸಿಕೊಂಡು ಹೋದ. ನನಗೆ ಏನಾಯಿತೋ ಗೊತ್ತಿಲ್ಲ, ರಿವರ್ಸ್ ಹಾಕಿ ಶೆಡ್ಡಿನ ಮೂಲೆಯ ಕಂಬಕ್ಕೆ ಗುದ್ದಿದೆ. ತಗಡು ದಡಬಡನೆ ಡ್ರಮ್ಮಿನವನ ಮೇಲೂ ಆಳಿನ ಮೇಲೂ ಕುಸಿಯಿತು, ಅತ್ತೆ ಈಚೆಗೆ ಬಿದ್ದಿದ್ದಳು. ಇಳಿದು ಓಡಿ, ಅತ್ತೆಯ ಕಂಕುಳಿಗೆ ಕೈಹಾಕಿ ಎಳೆದು ತಂದು ಸೀಟಿಗೆ ಹಾಕಿದೆ. ಆಳು ತಗಡಿನಡಿಯಿಂದ ಎದ್ದು ಬಂದು, ಸ್ಟೇರಿಂಗಿಗೆ ಹತ್ತಿ ಕೂತಿದ್ದ ನನ್ನ ಜಡೆ ಹಿಡಿದ. ಬಾಗಿಲು ಎಳೆದು ಅವನ ಬೆರಳುಗಳ ಮೇಲೆ ಮುಚ್ಚಿದೆ. ಬಿಡುವವರೆಗೂ ಎಳೆದೆ.

ಗಾಡಿಯನ್ನು ಹರಪನಹಳ್ಳಿ ಆಸ್ಪತ್ರೆಯ ಕಡೆಗೆ ತಿರುಗಿಸಿದೆ. ಅವಳ ತಲೆ ನನ್ನ ಹೆಗಲ ಮೇಲೆ ಹೊರಳಾಡುತ್ತಿತ್ತು, ರಕ್ತ ನನ್ನ ತೋಳಿನಿಂದ ಸ್ಟೇರಿಂಗಿಗೆ ಇಳಿಯುತ್ತಿತ್ತು. ಬೆಲ್ಟು ಇನ್ನೂ ಮುಷ್ಟಿಯಲ್ಲೇ ಇತ್ತು. “ಕಣ್ಣು ತೆರೀರಿ ಅತ್ತೀ, ಮಾತಾಡ್ರಿ” ಎಂದು ಅಳುತ್ತ ಓಡಿಸುತ್ತಿದ್ದೆ. ನನ್ನ ಬಲಗಾಲನ್ನು ನಾನು ಗಮನಿಸಿರಲಿಲ್ಲ. ಅವಳು ಕಲಿಸಿದ ಹಾಗೆ, ಗಾಡಿಗೆ ಗೊತ್ತಾಗದ ಹಾಗೆ, ಎಕ್ಸಲೇಟರಿನ ಮೇಲೆ ಮೆಲ್ಲಗೆ ಕೂತಿತ್ತು. ಏಟು ತಿಂದು ತಿಂದು ಆ ಕಾಲಿಗೆ ಬೇರೆ ರೀತಿ ಗೊತ್ತೇ ಇರಲಿಲ್ಲ.

ಅವಳು ಕಣ್ಣು ತೆರೆದಳು. “ಯಾಕ ಹಿಂಗ ಹೊಡೀತಿ?” ಎಂದಳು. ದನಿ ಕ್ಷೀಣವಾಗಿತ್ತು. “ತುಳಿ. ಇವತ್ತು ಮೈಲೇಜ್ ನೋಡಬ್ಯಾಡ. ತುಳಿಯೇ, ನನಗ ಬದುಕಬೇಕಾಗೈತಿ.”

ತುಳಿದೆ. ಬಾತ ಕಾಲನ್ನು ನೆಲಕ್ಕೆ ಮುಟ್ಟುವವರೆಗೆ ಒತ್ತಿದೆ. ಗಾಡಿ ಬೆಳ್ಳಗೆ ಹೊಗೆ ಉಗುಳಿ ಹಳ್ಳಕ್ಕೆ ಇಳಿಯಿತು, ಈಚೆಯ ಏರು ಹತ್ತತೊಡಗಿತು. ಅರ್ಧಕ್ಕೆ ಉಸಿರು ಕಟ್ಟಿತು. ಮೂರನೆಯ ಗೇರು, ಎರಡು, ಒಂದು. “ಗೇರ್ ಇಳಸು” ಎಂದು ಅವಳು ಗೊಣಗಿದಳು, ನಾನು ಇಳಿಸಿ ಆಗಿತ್ತು. ಕೆಳಗೆ ಇಳಿಸಲು ಇನ್ನು ಗೇರು ಇರಲಿಲ್ಲ. ಆ ಎಣ್ಣೆ ಕುಡಿದ ಎಂಜಿನ್ನು ನಡೆಯುವವರಿಗಿಂತ ನಿಧಾನವಾಗಿ ತೆವಳಿ, ನಡುಗಿ, ಆರಿಹೋಯಿತು. ಕೈಪಂಪು ಒತ್ತಿದೆ, ಕೀಲಿ ತಿರುವಿದೆ, ಗಾಡಿಗೆ ಒದ್ದೆ, ಬೈದೆ. ಹಿಂದೆ ಬಂದ ಬಸ್ಸಿನವರು ನಿಲ್ಲಿಸಿ ಅವಳನ್ನು ಎತ್ತಿಕೊಂಡರು. ಬಸ್ಸು ಏರಿನ ನೆತ್ತಿ ಮುಟ್ಟುವಷ್ಟರಲ್ಲಿ ನನ್ನ ಮಡಿಲಲ್ಲಿದ್ದ ಅವಳ ಮುಷ್ಟಿ ಸಡಿಲಾಯಿತು, ಬೆಲ್ಟು ಕೆಳಗೆ ಬಿತ್ತು.

ಆ ಇಬ್ಬರ ಮೇಲೆ ಕೇಸು ನಡೆಯುತ್ತಿದೆ. ಶೆಡ್ಡಿನ ತಗಡುಗಳು ಅಲ್ಲೇ ತುಕ್ಕು ಹಿಡಿಯುತ್ತಿವೆ. ಗಂಡ ಮಣ್ಣಿನ ದಿನ ನನ್ನ ಕಾಲಿಗೆ ಬಿದ್ದು, ಅಗ್ಗಕ್ಕೆ ಸಿಗುತ್ತದೆಂದು ಹಾಕಿಸಿದೆ ಎಂದು ಎದೆ ಎದೆ ಬಡಿದುಕೊಂಡ. ನಾನು ಬೆಲ್ಟು ಎತ್ತಲಿಲ್ಲ, ಎಬ್ಬಿಸಲೂ ಇಲ್ಲ. ಪಂಪು, ನಾಝಲ್ ಎಲ್ಲ ಹೊಸದು ಹಾಕಿಸಿ, ಟ್ಯಾಂಕು ಬಿಚ್ಚಿ ತೊಳೆಸಿ ಗಾಡಿಯನ್ನು ಮತ್ತೆ ರಸ್ತೆಗಿಳಿಸಿದೆ. ಈಗ ಎರಡೂ ಹೊತ್ತು ನಾನೇ ಓಡಿಸುತ್ತೇನೆ. ಅವನು ಬುಟ್ಟಿ ಹೇರುತ್ತಾನೆ, ಇಳಿಸುತ್ತಾನೆ, ಎಡಗಡೆ ಸೀಟು ಬಿಟ್ಟು ಹಿಂದೆ ಹೂವಿನ ಜೊತೆ ಕೂರುತ್ತಾನೆ. ಬಂಕಿನಲ್ಲಿ ನಾನು ಟ್ಯಾಂಕು ಕುತ್ತಿಗೆಯವರೆಗೆ ತುಂಬಿಸಿ, ಹಿಂದೆ ಹೋಗಿ ಅಲ್ಲಾಡಿಸುತ್ತೇನೆ. ಹಾರನ್ ಹೊಡೆಯುವವರಿಗೆ ಬೆಲ್ಟು ತೋರಿಸುತ್ತೇನೆ. ಗಾಡಿ ಮತ್ತೆ ಹದಿಮೂರಕ್ಕೆ ಬಂದಿದೆ.

ಮಂಡಕ್ಕಿ ಹೇರಿಕೊಂಡು ತಿರುಗಿ ಬರುವಾಗ ಆ ಹಳ್ಳ ಸಿಗುತ್ತದೆ. ಗೇರ್‌ನಲ್ಲೇ ಇಳಿಸುತ್ತೇನೆ. ಈಚೆಯ ಏರು ಶುರುವಾದದ್ದೇ ಎಕ್ಸಲೇಟರನ್ನು ನೆಲಕ್ಕೆ ಮುಟ್ಟಿಸುತ್ತೇನೆ, ನೆತ್ತಿ ಬರುವವರೆಗೂ ಎತ್ತುವುದಿಲ್ಲ. ಗಾಡಿ ಒಂದೇ ಉಸಿರಿಗೆ ಹತ್ತುತ್ತದೆ. ಅಲ್ಲಿ ಎಷ್ಟು ಎಣ್ಣೆ ಸುಡುತ್ತದೋ ನಾನು ಲೆಕ್ಕ ಹಾಕಿಲ್ಲ. ಎಡಗಡೆಯಿಂದ ಏಟು ಬೀಳುತ್ತದೆ ಎಂದು ನನ್ನ ಮೊಣಕಾಲು ಮಾತ್ರ ಈಗಲೂ ಒಮ್ಮೆ ಸರಿಯುತ್ತದೆ.